ರೆಕ್ಕೆ ಬಿಚ್ಚಲು ಬಂದ ಬೀಗರು

ನಮ್ಮ ಬೀಗರಷ್ಟು ಒಳ್ಳೆಯ ಮನುಷ್ಯನ ಜೊತೆ ಹನ್ನೊಂದು ದಿನ ಇದ್ದರೆ ಯಾರಿಗಾದರೂ ಕೊಲೆ ಮಾಡುವ ಮನಸ್ಸು ಬರುತ್ತದೆ. ನನಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ?

ಬೀಗರು ಅಂದರೆ ನನ್ನ ಮಗಳ ಮಾವ. ತಿ. ನರಸೀಪುರದ ಕಡೆಯ ಹೊಳೆದಂಡೆಯ ಊರು ಅವರದು. ಅವರ ಜೀವಮಾನದ ಸಿದ್ಧಾಂತ ಒಂದೇ: ಯಾವುದಕ್ಕೂ ಬಲವಂತ ಮಾಡಬಾರದು. ಮನುಷ್ಯರಿಗೆ ಮಾತ್ರ ಅಂದುಕೊಳ್ಳಬೇಡಿ. ಕದ, ಕಿಟಕಿ, ಸೀಸೆಯ ಬಿರಡೆ, ಹಸು, ಎಮ್ಮೆ, ಎಲ್ಲಕ್ಕೂ ಅದೇ ಕಾಯಿದೆ. ಹೆಣ್ಣು ನೋಡಲು ನಂಜನಗೂಡಿನ ನಮ್ಮ ಮನೆಗೆ ಬಂದ ದಿನ ಏನಾಯಿತು ಗೊತ್ತೇ? ಮಳೆಗೆ ಉಬ್ಬಿದ ನಮ್ಮ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ, ಸುಮ್ಮನೆ ಅಂಟಿಕೊಂಡಿತ್ತು. ಒಂದು ಸಲ ನೂಕಿದರೆ ತೆರೆಯುತ್ತದೆ. ಇವರು ಜಗಲಿಯ ಮೇಲೆ ಎರಡು ಗಂಟೆ ಕೂತಿದ್ದರು. ಒಳಗೆ ನಾವು ಕೇಸರಿಭಾತು ಆರಿಸಿಕೊಂಡು, ಸಂಬಂಧ ತಪ್ಪಿತು ಅಂತ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಕೊನೆಗೆ ನಾನು ಮುಸುರೆ ಚೆಲ್ಲಲು ಬಾಗಿಲು ಎಳೆದರೆ ಹೊರಗೆ ಬೀಗರು, ಅವರ ಹೆಂಡತಿ, ಗಂಡು, ಸಾಲಾಗಿ ಕೂತಿದ್ದಾರೆ.

"ಕದ ತಟ್ಟಾದಲ್ವಾ?" ಅಂದೆ.

"ತಟ್ಟುದೊ, ಒಂದ್ಸಲ. ಆಮ್ಯಾಕೆ, ಅದಾಗೇ ತಕ್ಕಳ್ಳಿ ಅಂತ ಕೂತ್ಕಂಡೊ" ಅಂದರು.

ಮಗನಿಗೆ ಈಜು ಕಲಿಸಿದ್ದೂ ಹಾಗೇ. ಹೊಳೆದಂಡೆಯ ಬೇರೆ ಅಪ್ಪಂದಿರು ಮಕ್ಕಳನ್ನು ಎತ್ತಿ ನೀರಿಗೆ ಎಸೆಯುತ್ತಾರೆ. ಇವರು ಮಗ ತಾನಾಗಿ ಇಳಿಯಲಿ ಅಂತ ದಡದಲ್ಲಿ ಕಾದರು. ಅವನು ಇಳಿಯುವ ಹೊತ್ತಿಗೆ ಮೀಸೆ ಬಂದಿತ್ತು.

ಬೀಗರ ಕಸುಬು ದೋಣಿ. ಆಚೆ ದಡದ ಗದ್ದೆಗೆ ಕಳೆ ಕೀಳಲು ಹೋಗುವ ಹೆಂಗಸರು, ಹಾಲಿನ ಕ್ಯಾನುಗಳು, ಒಬ್ಬ ಮೇಷ್ಟ್ರು, ಇವರನ್ನೆಲ್ಲ ಬೆಳಿಗ್ಗೆ ದಾಟಿಸಿ ಸಂಜೆ ವಾಪಸ್ಸು ತರುವುದು. ಮದುವೆಯಾದ ಮಾರನೆಯ ವರ್ಷ ಅವರ ಬಲಗೈ ಭುಜದಿಂದ ಮೇಲೆ ಏಳುವುದನ್ನು ನಿಲ್ಲಿಸಿತು. ಅಳಿಯ ಲಾರಿ ಹತ್ತಿದರೆ ಕೇರಳ, ಇಳಿದರೆ ನಿದ್ದೆ. ಇನ್ನು ದೋಣಿಯ ಕೋಲು ಯಾರು ಹಿಡಿಯಬೇಕು? ನನ್ನ ಮಗಳು ಹಿಡಿದಳು. ಹೊಳೆಯನ್ನು ಸೋಪಾನದ ಮೇಲೆ ನಿಂತು ಚೊಂಬಿನಲ್ಲಿ ಮೊಗೆದಷ್ಟೇ ಕಂಡವಳು, ಈಜು ಬಾರದವಳು, ಅದೂ ಐದು ತಿಂಗಳ ಬಸುರಿ. ಸುದ್ದಿ ತಿಳಿದ ದಿನವೇ ನಾನು ಬಸ್ಸು ಹತ್ತಿ ಹೋಗಿ ಬೀಗರಿಗೆ ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ಹಾಕುವುದಿಲ್ಲ. ಹೆಣ್ಣು ಕೊಟ್ಟವರು ಬೀಗರ ಮುಂದೆ ದನಿ ಎತ್ತಬಾರದು ಅನ್ನುತ್ತಾರೆ. ಎತ್ತಿದೆ.

ಅವರು ಎಲ್ಲ ಕೇಳಿಕೊಂಡು, "ಸರಿ ಬೀಗ್ತಮ್ಮ, ನೀವ್ ಯೋಳದು ನ್ಯಾಯನೇಯ. ಮೋಟ್ರು ತತ್ತೀನಿ" ಅಂದರು.

ತಂದರು. ಕೆರೆ ಗುತ್ತಿಗೆ ಹಿಡಿದ ಮೀನಿನವನೊಬ್ಬ ಮೂಲೆಗೆ ಎಸೆದಿದ್ದ, ದೋಣಿಯ ಹಿಂಬದಿಗೆ ನೇತುಹಾಕುವ ಹಳೇ ಮೋಟಾರು. ಮೇಲೆ ಇಂಜಿನ್ನು, ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಗೆ ಮೂರು ರೆಕ್ಕೆಯ ಫ್ಯಾನು. ಇಂಜಿನ್ನೇನೋ ಓಡುತ್ತಿತ್ತು. ಆದರೆ ಬಲೆಯ ನೈಲಾನ್ ದಾರ ಫ್ಯಾನಿನ ಹಿಂದೆ ಸುತ್ತಿಕೊಂಡು, ಒಳಗಿನ ಎಣ್ಣೆ ತಡೆಯುವ ರಬ್ಬರ್ ಬಳೆಯನ್ನು ಹರಿದುಹಾಕಿತ್ತು. ಎಣ್ಣೆ ಹೊರಗೆ, ನೀರು ಒಳಗೆ. ಹಾಗೇ ಓಡಿಸಿದರೆ ಒಳಗಿನ ಹಲ್ಲುಚಕ್ರ ನಾಲ್ಕು ದಿನಕ್ಕೆ ಪುಡಿ. ಬಳೆ ಬದಲಾಯಿಸಬೇಕಾದರೆ ಫ್ಯಾನು ಕಳಚಬೇಕು. ಫ್ಯಾನೋ, ತಾನು ತಿರುಗುವ ಅಚ್ಚಿಗೆ ಕಚ್ಚಿ ಕೂತುಬಿಟ್ಟಿತ್ತು. ನಂಜನಗೂಡಿನಲ್ಲಿ ಕಾರ್ಖಾನೆಗಳಿವೆ, ಬಿಚ್ಚುವವರು ಸಿಗುತ್ತಾರೆ ಅಂತ ಬೀಗರು ಮೋಟಾರು ಹೊತ್ತು ನಮ್ಮ ಮನೆಗೆ ಹೊರಟರು. ಹೊಸ ರಬ್ಬರ್ ಬಳೆಯನ್ನು ಮೊದಲೇ ಕೊಂಡು, ಕಳೆದುಹೋಗದಿರಲಿ ಅಂತ ಹೆಬ್ಬೆರಳಿಗೆ ಹಾಕಿಕೊಂಡಿದ್ದರು.

ಬಸ್ಸಿನಲ್ಲಿ ಮೋಟಾರಿಗೆ ಬಿಳೀ ಪಂಚೆ ಸುತ್ತಿ ಪಕ್ಕದ ಸೀಟಿನಲ್ಲಿ ಮಲಗಿಸಿದ್ದರಂತೆ. ಕಂಡಕ್ಟರು ನೋಡಿ ದನಿ ತಗ್ಗಿಸಿ, "ಯಾರು ಯಜಮಾನ್ರೇ, ತೀರ್ಕಂಡಿದ್ದು?" ಅಂದನಂತೆ.

"ಇನ್ನೂವೆ ತೀರ್ಕಂಡಿಲ್ಲ ಸಾ. ರೆಕ್ಕೆ ಇಡ್ಕಂಡದೆ, ಅಷ್ಟೇಯ."

ಕಂಡಕ್ಟರು ಲಗೇಜು ಚಾರ್ಜು ಕೇಳಲಿಲ್ಲ. ಹೆದರಿದನೋ, ಮರುಕಪಟ್ಟನೋ.

"ಮೂರೇ ದಿವ್ಸ ಬೀಗ್ತಮ್ಮ" ಅಂದುಕೊಂಡು ಬೀಗರು ನಮ್ಮ ಹಿತ್ತಿಲಲ್ಲಿ ಬಿಡಾರ ಹೂಡಿದರು. ನಮ್ಮ ಯಜಮಾನರು ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದರು. ರಾತ್ರಿ ಕಾವಲು, ಹಗಲು ನಿದ್ದೆ. ಅವರಿಗೆ ಬೀಗರು ಬಹಳ ಹಿಡಿಸಿದರು. ಸದ್ದಿಲ್ಲದೆ ರಿಪೇರಿ ಮಾಡುವ ಮನುಷ್ಯನನ್ನು ಅವರು ಅದುವರೆಗೆ ಕಂಡಿರಲಿಲ್ಲ. ಯಜಮಾನರೇ ಹೇಳಿಕಳಿಸಿದ, ಕಬ್ಬಿಣ ಕಡೆಯುವ ಲೇತಿನವನು ಮೊದಲ ದಿನವೇ ಬಂದ, ಕೈಯಲ್ಲಿ ದೊಡ್ಡ ಸುತ್ತಿಗೆ.

"ನಾಕೇಟು ಬುಟ್ರೆ ಬತ್ತದೆ ಸಾ" ಅಂದ.

ಬೀಗರು ಮೋಟಾರಿಗೆ ಅಡ್ಡ ನಿಂತರು. "ಒಡೀಬ್ಯಾಡ ಕನಪ್ಪ."

"ಒಡೀದೆ ಇನ್ನೇನು ಮುದ್ದು ಮಾಡನಾ?"

"ಮಾಡುದ್ರೆ ತಪ್ಪೇನು?"

ಲೇತಿನವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಟೀ ಕುಡಿದು ಹೋದವನು ಮತ್ತೆ ನಮ್ಮ ಬೀದಿಯಲ್ಲಿ ಕಾಣಲಿಲ್ಲ.

ಆಮೇಲೆ ಶುರುವಾಯಿತು ಮೋಟಾರಿನ ಸೇವೆ. ದಿನಾ ಬೆಳಿಗ್ಗೆ ಕಪಿಲೆಯಲ್ಲಿ ಮುಳುಗಿ ಬಂದು, ವಿಭೂತಿ ಬಳಿದುಕೊಂಡು, ಫ್ಯಾನಿನ ಬುಡಕ್ಕೆ ಬತ್ತಿಯಲ್ಲಿ ಎಣ್ಣೆ ಬಿಡುವುದು. ಮೊದಲ ದಿನ ಸೀಮೆಎಣ್ಣೆ. ಎರಡನೆಯ ದಿನ ಕೊಬ್ಬರಿ ಎಣ್ಣೆ. ಮೂರನೆಯ ದಿನ ನನ್ನ ಮಂಡಿನೋವಿನ ತೈಲ.

"ಅದು ನನ್ನ ಮಂಡಿಗೆ ತಂದಿದ್ದು" ಅಂದೆ.

"ಕೀಲಿಗೆ ಒಳ್ಳೇದು ಅಂತ ನೀವೇ ಅಂದ್ರಲ್ಲ ಬೀಗ್ತಮ್ಮ. ಇದೂ ಕೀಲೇಯ."

ಎಣ್ಣೆ ಬಿಟ್ಟ ಮೇಲೆ ಎರಡು ಕೈಯಲ್ಲೂ ಹಿಡಿದು, ನಿದ್ದೆ ಹೋದ ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಅಲ್ಲಾಡಿಸಿ, ಕಿವಿಯಿಟ್ಟು ಕೇಳುವುದು. "ಮಾತಾಡ್ತಾ ಅದೆ" ಅನ್ನುವರು. ಏನಂತೆ ಅಂದರೆ, "ನಾಳಿಕ್ ಬಾ ಅಂತದೆ."

ಹೊಡೆಯದೆ ರಿಪೇರಿ ಮಾಡುವವರು ಬಂದಿದ್ದಾರೆ ಅಂತ ಬೀದಿಗೆಲ್ಲ ಸುದ್ದಿಯಾಯಿತು. ತೆಗೆಯಲಾಗದ ಉಪ್ಪಿನಕಾಯಿ ಜಾಡಿ, ಉಸಿರುಗಟ್ಟಿದ ಪ್ರೆಶರ್ ಕುಕ್ಕರು, ಊದಿದ ಬೆರಳಲ್ಲಿ ಸಿಕ್ಕಿಕೊಂಡ ಉಂಗುರ, ಬೆರಳಿನ ಸಮೇತ, ಎಲ್ಲ ನಮ್ಮ ಹಿತ್ತಿಲಿಗೆ ಬಂದವು. ಬೀಗರು ಒಂದೊಂದಕ್ಕೂ ಅರ್ಧ ದಿನ ಕೂತು ಎಲ್ಲವನ್ನೂ ಬಿಡಿಸಿಕೊಟ್ಟರು. ಬಿಡದೆ ಉಳಿದದ್ದು ಆ ಫ್ಯಾನು ಒಂದೇ.

ಬೀಗರು ಅಂದ ಮೇಲೆ ಬರೀ ಮುದ್ದೆ ಬಡಿಸಲು ಆಗುತ್ತದೆಯೇ? ದಿನಾ ಪಾಯಸವೋ ಒಬ್ಬಟ್ಟೋ. ನಾಲ್ಕನೆಯ ದಿನಕ್ಕೆ ಬೆಲ್ಲದ ಡಬ್ಬ ತಳ ಕಂಡಿತು. ಐದನೆಯ ದಿನ ರೇಗಿಹೋಗಿ ಬರೀ ಮುದ್ದೆ, ಉಪ್ಸಾರು ಇಟ್ಟೆ. "ಅಪ್ಪಾ, ಇವತ್ತು ಮನೆಯೋನಾದೆ" ಅಂತ ಎರಡು ಮುದ್ದೆ ಉಂಡರು. ಇಂಥವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದಾದರೂ ಹೇಗೆ?

ಏಳನೆಯ ದಿನ ಟೆಲಿಫೋನ್ ಬೂತಿನಿಂದ ಅವರ ಊರಿನ ಅಂಗಡಿಗೆ ಫೋನು ಮಾಡಿ ಮಗಳನ್ನು ಕರೆಸಿದೆ. "ನೀರು ಏರ್ತಾ ಅದೆ ಕನವ್ವ" ಅಂದಳು. "ನೆನ್ನೆ ನಡುವೊಳೇಲಿ ಕೋಲು ನೆಲಕ್ಕೆ ತಾಗ್ನೇ ಇಲ್ಲ. ಏನಾಗ್ನಿಲ್ಲ ಬುಡು, ವಸಿ ದೂರ ತೇಲ್ಕಂಡೋಗಿ ಆಮ್ಯಾಕೆ ತಾಗ್ತು."

"ನಿಲ್ಸು ಆ ದೋಣಿಯ" ಅಂದೆ.

"ನಿಲ್ಸುದ್ರೆ ಜನ ಕೆಳಗ್ಲೂರ್ನೋರ ದೋಣಿಗೆ ಒಂಟೋಯ್ತರೆ. ಆಮ್ಯಾಕೆ ತಿರ್ಗಿ ಬಂದರಾ?"

ಏನೂ ಆಗಲಿಲ್ಲವಂತೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಡುವ ಕಾಲ ಬೇರೆ ಹತ್ತಿರ ಬಂದಿತ್ತು. ಮನೆಗೆ ಬಂದು ನೋಡಿದರೆ ಬೀಗರು ಫ್ಯಾನಿಗೆ ಎಣ್ಣೆ ಸವರುತ್ತಿದ್ದಾರೆ. "ನೀರು ಏರ್ತಾ ಅದಂತೆ" ಅಂದೆ. ಅವರ ಕೈ ನಿಂತಿತು. "ಗೊತ್ತು" ಅಂದರು. ಮತ್ತೆ ಸವರಿದರು.

ಮಾರನೆಯ ದಿನ ಅವರು ಹೊಳೆಗೆ ಹೋದ ಹೊತ್ತು ನೋಡಿ ನಾನು ರುಬ್ಬುವ ಗುಂಡು ಎತ್ತಿಕೊಂಡೆ. ಒಂದೇ ಏಟು. ಫ್ಯಾನು ಅಲುಗಲಿಲ್ಲ. ಅದರ ಒಂದು ರೆಕ್ಕೆಯ ತುದಿ, ಎರಡು ಬೆರಳಗಲ, ಹಪ್ಪಳದ ಹಾಗೆ ಮುರಿದು ಹಾರಿ ಪಕ್ಕದ ಮನೆಯ ಹೆಂಚಿನ ಮೇಲೆ ಕೂತಿತು.

ಬೀಗರು ಒದ್ದೆ ಪಂಚೆಯಲ್ಲಿ ಬಂದರು. ಮೋಟಾರು ನೋಡಿದರು. ಗುಂಡು ನೋಡಿದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ತಪ್ಪು ಮಾಡಿದವರು ಹಾಗೇ ನಿಲ್ಲಬೇಕು.

"ಕೈಗೇನೂ ಆಗ್ನಿಲ್ವಾ ಬೀಗ್ತಮ್ಮ?"

ಅಷ್ಟೇ ಕೇಳಿದ್ದು. ಒಂದು ಬೈದಿದ್ದರೆ ನಾನು ನಾಲ್ಕು ಬೈದು ಹಗುರಾಗುತ್ತಿದ್ದೆ.

ಒಂದು ರೆಕ್ಕೆ ಮೋಟು, ಎರಡು ಉದ್ದ ಆದರೆ ಮೋಟಾರು ಅದುರಿ ದೋಣಿ ಬಿರಿಯುತ್ತದಂತೆ. ಅದಕ್ಕೆ ಅರ ತಂದು ಉಳಿದೆರಡನ್ನೂ ಮುರಿದದ್ದರ ಅಳತೆಗೆ ಉಜ್ಜಲು ಕೂತರು. ಎರಡು ದಿನ ಕೀಸ್ ಕೀಸ್. ಯಜಮಾನರ ನಿದ್ದೆ ಹಾಳಾಯಿತು. ಬೀಗರ ಮೇಲಿನ ಅಭಿಮಾನವೂ ಸ್ವಲ್ಪ ಇಳಿಯಿತು. "ಸ್ಪೀಡು ಕಮ್ಮಿಯಾಯ್ತದೆ" ಅಂದರು ಬೀಗರು, ನನಗೆ ಸಮಾಧಾನ ಹೇಳುವವರ ಹಾಗೆ. "ಆಗ್ಲಿ. ಬಸ್ರಿ ಕೂರೋ ದೋಣಿಗ್ಯಾಕೆ ಸ್ಪೀಡು?"

ಹತ್ತನೆಯ ದಿನ ಮಧ್ಯಾಹ್ನ ಪಾತ್ರೆ ತೊಳೆಯುವಾಗ ಎರಡು ಸ್ಟೀಲು ಲೋಟ ಒಂದರೊಳಗೊಂದು ಸಿಕ್ಕಿಕೊಂಡವು. ಹೀಗಾದರೆ ಯಾವ ಹೆಂಗಸಾದರೂ ಏನು ಮಾಡುತ್ತಾಳೆ? ಒಳಗಿನ ಲೋಟಕ್ಕೆ ತಣ್ಣೀರು ಹುಯ್ದು, ಹೊರಗಿನದನ್ನು ಬಿಸಿನೀರಿನಲ್ಲಿ ಅದ್ದುತ್ತಾಳೆ. ಹೊರಗಿನದು ಹಿಗ್ಗಿ, ಒಳಗಿನದು ಕುಗ್ಗಿ, ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಂಡವು. ನಾನು ಒಂದೊಂದು ಕೈಯಲ್ಲಿ ಒಂದೊಂದು ಲೋಟ ಹಿಡಿದು ಅಲ್ಲೇ ಕೂತುಬಿಟ್ಟೆ. ಹತ್ತು ದಿನದಿಂದ ಇದೇ ಲೋಟ ತೊಳೆಯುತ್ತಿದ್ದೇನಲ್ಲ, ನನ್ನ ತಲೆ ಎಲ್ಲಿ ಹೋಗಿತ್ತು?

ಬೀಗರಿಗೆ ಲೋಟ ತೋರಿಸಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಲ್ವಂತ ಇಲ್ವಲ್ಲ ಇದ್ರಲ್ಲಿ?"

"ಇಲ್ಲ."

"ಅಂಗಾರೆ ಮಾಡವ."

ತಣ್ಣೀರು ಸಾಲದು ಅಂತ ಬೀದಿಗೆ ಓಡಿ ಸೈಕಲ್ಲಿನವನಿಂದ ಆರು ಐಸ್‌ಕ್ಯಾಂಡಿ ತಂದರು. ಹೊರಗೆ ಚಾಚಿದ ಅಚ್ಚಿನ ತುದಿಗೆ ಅವರು ಕ್ಯಾಂಡಿ ಒತ್ತಿ ಹಿಡಿದರು. ಫ್ಯಾನಿನ ಬುಡಕ್ಕೆ ಬಟ್ಟೆ ಸುತ್ತಿ ನಾನು ಕುದಿಯುವ ನೀರು ಹುಯ್ದೆ. ಅಷ್ಟರಲ್ಲಿ ಯಜಮಾನರು ಎದ್ದು ಬಂದರು. ಹೆಂಡತಿ ಮೋಟಾರಿಗೆ ಸ್ನಾನ ಮಾಡಿಸುತ್ತಿದ್ದಾಳೆ, ಬೀಗರು ಅದಕ್ಕೆ ಕೆಂಪು ಕ್ಯಾಂಡಿ ತಿನ್ನಿಸುತ್ತಿದ್ದಾರೆ. "ಜೋಗುಳ ಒಂದು ಬಾಕಿ ಅದೆ" ಅಂದು ಹೋಗಿ ಮಲಗಿದರು.

ನಾಲ್ಕನೆಯ ಕ್ಯಾಂಡಿಗೆ ಟಿಕ್ ಅಂದಿತು. ಬೀಗರು ಮೆಲ್ಲಗೆ ಅಲ್ಲಾಡಿಸಿ ಎಳೆದರು. ಹಾಲುಹಲ್ಲು ಬರುವ ಹಾಗೆ ಬಂತು. ಉಳಿದ ಎರಡು ಕ್ಯಾಂಡಿ ನಾವಿಬ್ಬರೂ ತಿಂದೆವು.

ಒಳಗೆ ನೋಡಿದರೆ, ಹಿತ್ತಾಳೆಯ ಸಣ್ಣ ಪಿನ್ನು ಇರಬೇಕಾದ ಕಡೆ ಯಾರೋ ಕಬ್ಬಿಣದ ಮೊಳೆ ಜಡಿದಿದ್ದರು. ಅದು ತುಕ್ಕು ಹಿಡಿದು ಫ್ಯಾನನ್ನು ಕಚ್ಚಿತ್ತು. ಬೀಗರು ಮೊಳೆ ತೆಗೆದು ನನ್ನ ಅಂಗೈಯಲ್ಲಿಟ್ಟರು. "ನೋಡಿ, ಯಾವೋನೋ ಒಡ್ದವ್ನೆ" ಅಂದರು. ನಾನು ಪಕ್ಕದ ಮನೆಯ ಹೆಂಚಿನ ಕಡೆ ತಿರುಗಲಿಲ್ಲ. ಹೊಸ ರಬ್ಬರ್ ಬಳೆ ಹಾಕೋಣ ಅಂದರೆ ಅದು ಅವರ ಹೆಬ್ಬೆರಳಿನಿಂದ ಬರಲೊಲ್ಲದು. ಸೋಪು ಹಚ್ಚಿ ತೆಗೆದೆವು. ಹನ್ನೊಂದನೆಯ ದಿನ ಮೊದಲ ಬಸ್ಸಿಗೆ ಬೀಗರು ಹೊರಟರು.

ಹದಿನೈದು ದಿನ ಬಿಟ್ಟು ನಾನು ಮಗಳಿಗೆ ತಿಂಡಿ ಕಟ್ಟಿಕೊಂಡು ಅವರ ಊರಿಗೆ ಹೋದೆ. ಹೊಳೆ ಕೆಂಪಗೆ ತುಂಬಿತ್ತು. ಆಚೆಯಿಂದ ದೋಣಿ ಬರುತ್ತಿತ್ತು, ಸದ್ದು ಲಾರಿಯದು, ಓಟ ಎಮ್ಮೆಯದು. ಹಿಂದೆ ಬೀಗರು ಎಡಗೈಯಲ್ಲಿ ಮೋಟಾರು ಹಿಡಿದಿದ್ದರು. ನಡುವೆ ಹಾಲಿನ ಕ್ಯಾನುಗಳ ಮಧ್ಯೆ ನನ್ನ ಮಗಳು, ಎರಡೂ ಕೈ ಹೊಟ್ಟೆಯ ಮೇಲೆ. ಹಾಲು ಅಳೆದು ಕೊಡುವ ಲೆಕ್ಕಕ್ಕೆ ಅವಳು ದಿನಾ ಬರಲೇಬೇಕಿತ್ತು.

ದಡದ ಹತ್ತಿರ ಬಂಡೆಗಳಿವೆ. ರೆಕ್ಕೆ ತಾಗಬಾರದು ಅಂತ ಬೀಗರು ಮೋಟಾರು ನಿಲ್ಲಿಸಿ ಮೇಲೆತ್ತಿದರು. ದೋಣಿ ನಾಲ್ಕು ಮಾರು ದೂರದಲ್ಲಿ ನಿಂತು, ಸೆಳವಿಗೆ ಮೆಲ್ಲಗೆ ತಿರುಗತೊಡಗಿತು. ಮಗಳು ಅಭ್ಯಾಸದ ಮೇಲೆ ಕೋಲಿಗೆ ಎದ್ದಳು.

"ಕೂತ್ಕವ್ವ" ಅಂದರು ಬೀಗರು. ಅವರ ದನಿ ಅಷ್ಟು ಗಟ್ಟಿಯಾಗಿ ನಾನು ಕೇಳಿರಲಿಲ್ಲ. ಅಂದವರೇ ಎದೆಮಟ್ಟದ ನೀರಿಗೆ ಧುಮುಕಿ, ದೋಣಿಯ ಅಂಚನ್ನು ಎಡಗೈಯಲ್ಲಿ ಹಿಡಿದು ಹಲ್ಲು ಕಚ್ಚಿ ಎಳೆಯತೊಡಗಿದರು. ಬಲಗೈ ನೀರಿನಲ್ಲಿ ಸುಮ್ಮನೆ ತೇಲುತ್ತಿತ್ತು. ದಡದಲ್ಲಿ ಕಾಯುತ್ತಿದ್ದವರು "ಎಳಿ, ಎಳಿ" ಅಂತ ಬಾಯಲ್ಲೇ ಎಳೆಯುತ್ತಿದ್ದರು.

ನನಗೂ ಈಜು ಬಾರದು. ತಿಂಡಿಯ ಗಂಟನ್ನು ಬಂಡೆಯ ಮೇಲಿಟ್ಟು, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ ನೀರಿಗಿಳಿದೆ. ಬೀಗರ ಬಲಗಡೆಗೆ ಹೋಗಿ ಅಂಚು ಹಿಡಿದೆ.

"ನೀವ್ಯಾಕೆ ಇಳುದ್ರಿ ಬೀಗ್ತಮ್ಮ, ನೀರು ಸೆಳೀತದೆ."

"ಮಾತಾಡ್ಬ್ಯಾಡಿ, ಎಳೀರಿ" ಅಂದೆ.

ಇಬ್ಬರೂ ಎಳೆದೆವು. ಮಗಳು ಕೂತೇ ಇದ್ದಳು.