ವ್ಯಾನು ಮನೆಯಾದ ದಿನ

ವಕೀಲರಿಗೆ ‘ಆಗಲ್ಲ’ ಎನ್ನಲು ಬರುತ್ತಿರಲಿಲ್ಲ. ಅದೇ ಎಡವಟ್ಟಾಯಿತು. ಚಾಕು ಸಾಣೆ ಹಿಡಿಯುವವನು ಅಳುತ್ತ ಬಂದಾಗ, “ಬಿಡಿಸಿಕೊಡ್ತೀನಿ, ಹೋಗಪ್ಪ” ಎಂದುಬಿಟ್ಟರು. ಅವನು ವಾಸವಿದ್ದ ಹಳೇ ವ್ಯಾನಿಗೆ ಪೊಲೀಸರು ವಾರಂಟಿಲ್ಲದೆ ನುಗ್ಗಿ, ಹಾಸಿಗೆ, ಒಲೆ, ಸಾಣೆಚಕ್ರದ ಸಮೇತ ಅದನ್ನು ಎಳೆದೊಯ್ದಿದ್ದರು. ವಾರಂಟಿಲ್ಲದೆ ಯಾರ ‘ಮನೆ’ಗೂ ನುಗ್ಗಬಾರದೆಂದು ಆ ಪುಟ್ಟ ದೇಶದ ಸಂವಿಧಾನದಲ್ಲೇ ಇತ್ತು. ಆದರೆ ವ್ಯಾನು ಮನೆಯೇ?

ವಿಚಾರಣೆಯ ದಿನ ಸರ್ಕಾರಿ ವಕೀಲರು ದಿಂಬಿನಷ್ಟು ದಪ್ಪದ ನಿಘಂಟು ತೆರೆದರು. “ಸ್ವಾಮಿ, ಬರೆದ ಕಾಲದಲ್ಲಿ ಏನರ್ಥ ಇತ್ತೋ ಅದೇ ಅರ್ಥ. ಆಗಿನ ನಿಘಂಟಿನ ಪ್ರಕಾರ ಮನೆ ಅಂದ್ರೆ ಗೋಡೆ, ಅಡಿಪಾಯ ಇರೋ ಕಟ್ಟಡ.”

ನಮ್ಮ ವಕೀಲರು ಎದ್ದರು. ಕಡತದ ಹಾಳೆಗಳನ್ನು ಹಿಂದೆಮುಂದೆ ತಿರುವಿದರು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಊರ ಉಸಾಬರಿಯನ್ನೆಲ್ಲ ತಲೆಗೆ ಕಟ್ಟಿಕೊಂಡಿದ್ದ, ವಕೀಲರ ಪಕ್ಕದ ಮನೆಯಾಕೆ ಗಾಲಿಕುರ್ಚಿಯಲ್ಲಿ ಅತ್ತೆಯನ್ನು ತಳ್ಳಿಕೊಂಡು ಬಂದರು. “ಸಂವಿಧಾನ ಬರೆದ ಸಭೇಲಿ ನಮ್ಮತ್ತೆ ಇದ್ರು ಸ್ವಾಮಿ. ಬರೆದವರೇ ಇರೋವಾಗ ಪುಸ್ತಕ ಯಾಕೆ ಕೇಳ್ತೀರಿ?”

ನ್ಯಾಯಾಧೀಶರು ಮುಗುಳ್ನಕ್ಕು ಅಜ್ಜಿಯನ್ನೇ ಕೇಳಿದರು.

“ಆಗಷ್ಟೇ ಯುದ್ಧ ಮುಗಿದಿತ್ತು,” ಎಂದರು ಅಜ್ಜಿ. “ಮನೆ ಕಳ್ಕೊಂಡು, ಎರಡು ಮಕ್ಕಳನ್ನ ಕಟ್ಕೊಂಡು ಗೂಡ್ಸ್ ರೈಲಿನ ಡಬ್ಬೀಲೇ ವಾಸ ಇದ್ದೆ. ಪೊಲೀಸ್ರು ಬಂದು ಹೊದಿಕೆ ಎಳೆದು ಟಾರ್ಚ್ ಬಿಡೋರು. ಆಮೇಲೆ ಸಭೆಗೆ ಆರಿಸಿ ಬಂದಾಗ ಕರಡಲ್ಲಿ ‘ಕಟ್ಟಡ’ ಅಂತ್ಲೇ ಇತ್ತು. ನಾನೇ ಜಗಳ ಆಡಿ ‘ಮನೆ’ ಅಂತ ಮಾಡಿಸ್ದೆ. ಮಲಗಿದವರು ಹೆದರದೆ ಮಲಗ್ಲಿ ಅಂತ.”

ಸರ್ಕಾರಿ ವಕೀಲರು ನಿಘಂಟು ಮುಚ್ಚಿ ಅಜ್ಜಿಗೆ ಕೈಮುಗಿದರು. ವ್ಯಾನು ಮನೆಯೇ ಎಂದು ತೀರ್ಪಾಯಿತು.

ಸಾಣೆಯವನು ಅಜ್ಜಿಯ ಕೈಹಿಡಿದು ಅತ್ತ. ವಕೀಲರ ಕಣ್ಣೂ ತುಂಬಿತು. ಅವನು ಅವರತ್ತ ತಿರುಗಿ, “ನಿಮ್ಮ ಉಪಕಾರ ಮರೆಯಲ್ಲ ಸಾರ್. ಸಾಯೋತನಕ ನಿಮ್ಮ ಬಾಗಿಲಲ್ಲೇ ಬಿದ್ದಿರ್ತೀನಿ,” ಎಂದ. ಬಾಯಿಮಾತೆಂದು ವಕೀಲರು ಬೆನ್ನು ತಟ್ಟಿದರು.

ಸಂಜೆ ನೋಡಿದರೆ ವ್ಯಾನು ಅವರ ಗೇಟಿಗೆ ಅಡ್ಡಲಾಗಿ ನಿಂತಿತ್ತು. ಒಳಗೆ ಅವನು ಇಡೀ ಬೀದಿಯ ಚಾಕುಗಳನ್ನು ಸಂತೋಷಕ್ಕೆ ಬಿಟ್ಟಿ ಮಸೆಯುತ್ತಿದ್ದ. ಆ ಸದ್ದು ಹಲ್ಲಿನ ಡಾಕ್ಟರ ಯಂತ್ರದಂತೆ ಮೂಳೆಗಿಳಿಯುತ್ತಿತ್ತು. ವಕೀಲರ ಕಾರು ಬೀದಿಯಲ್ಲೇ ಉಳಿಯಿತು.

“ಸ್ವಲ್ಪ ಆಚೆ ನಿಲ್ಸಪ್ಪ.”

“ಸಂಕೋಚ ಬೇಡಿ ಸಾರ್. ಇನ್ಮೇಲೆ ನಿಮ್ಮ ಕಾವಲು ನನ್ನದು.”

ಬೇರೆ ದಾರಿ ಕಾಣದೆ ಪೊಲೀಸರಿಗೆ ಫೋನು ಮಾಡಿದರು. ಬಂದ ಪೇದೆ ವ್ಯಾನಿನ ಸುತ್ತ ಒಂದು ಸುತ್ತು ಹಾಕಿ ತಲೆಯಾಡಿಸಿದ.

“ಮನೆ ಸಾರ್ ಇದು. ವಾರಂಟಿಲ್ದೆ ಮುಟ್ಟೋ ಹಾಗಿಲ್ಲ. ನೀವೇ ಗೆದ್ದ ಕೇಸಲ್ವಾ?”

ಹಾಗೆಂದವನು ಜೇಬಿನಿಂದ ಮೊಂಡು ಚಾಕು ತೆಗೆದು, ವ್ಯಾನಿನ ಬಾಗಿಲನ್ನು ಮೆಲ್ಲಗೆ ತಟ್ಟಿ ಕೇಳಿದ: “ಅಣ್ಣಾ, ಒಳಗೆ ಬರ್ಲಾ?”