ದಿವಾನರ ಕಾಲು, ನನ್ನ ಸೊಂಟ

ಜನರನ್ನು ಮೇಲೆತ್ತುವುದೇ ನನ್ನ ವೃತ್ತಿ. ಸಮಾಜ ಸುಧಾರಕನೆಂದು ಕೈ ಮುಗಿಯಬೇಡಿ. ನಾನು ಲಿಫ್ಟ್ ರಿಪೇರಿ ಕಂಪನಿಯ ಮೇಲ್ವಿಚಾರಕ. ಮಹಡಿಗಳ ನಡುವೆ ಸಿಕ್ಕಿಕೊಂಡ ಎಂತೆಂಥ ತೂಕದ ಆಸಾಮಿಗಳನ್ನೋ ದಡ ಮುಟ್ಟಿಸಿದ ನನಗೆ, ಯಃಕಶ್ಚಿತ್ ನಾಯಿಯೊಂದನ್ನು ಕಾಲ ಮೇಲೆ ನಿಲ್ಲಿಸುವುದು ಯಾವ ಮಹಾ ಕೆಲಸ? ಹಾಗೆಂದು ಘೋಷಿಸಿದ್ದೇ ನನ್ನ ಗ್ರಹಚಾರ!

ನಮ್ಮ ನಾಯಿಯ ಹೆಸರು ದಿವಾನರು. ಆಡಳಿತ ಸಾಮರ್ಥ್ಯ ನೋಡಿ ಇಟ್ಟ ಹೆಸರಲ್ಲ. ಹಾಲ್‌ನಲ್ಲಿರುವ ದಿವಾನ್ ಬಿಟ್ಟು ಅವರು ಬೇರೆಲ್ಲೂ ಮಲಗಿದವರಲ್ಲ, ಅದಕ್ಕೆ. ಆದರೆ ಸಂಜೆ ಗೇಟಿನ ಸದ್ದಾದರೆ ಸಾಕು, ಪದವಿ ಪೀಠಗಳನ್ನೆಲ್ಲ ಮರೆತು ಓಡುತ್ತಿದ್ದರು. ಗಣಿತದ ಟೀಚರ್ ಆದ ನನ್ನ ಹೆಂಡತಿಯ ಬ್ಯಾಗನ್ನು ಬಾಯಲ್ಲಿ ಕಚ್ಚಿ ಒಳಗೆ ತರುವುದು ಅವರ ನಿತ್ಯಸೇವೆ.

ಇತ್ತೀಚೆಗೆ ಅದು ನಿಂತಿತ್ತು. ಹಿಂಗಾಲುಗಳು ನಡುಗುತ್ತಿದ್ದವು. ಗೇಟು ಸದ್ದಾದರೆ ಬಾಲ ಮಾತ್ರ ಎದ್ದು ಸ್ವಾಗತಿಸುತ್ತಿತ್ತು. ಉಳಿದ ದಿವಾನರು ಮಲಗಿಯೇ ಇರುತ್ತಿದ್ದರು. ಹೆಂಡತಿ ಹೆಗಲಿನ ಬ್ಯಾಗನ್ನೂ ಇಳಿಸದೆ ಅವರ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದಳು. ಅವಳು ಸುಮ್ಮನಿರುವುದೆಂದರೆ ನಮ್ಮ ಮನೆಯಲ್ಲಿ ತುರ್ತು ಪರಿಸ್ಥಿತಿ!

"ಸೊಂಟದ ಕೀಲು ಸವೆದಿದೆಯಂತೆ ರೀ. ಮಾತ್ರೆ ಕೊಟ್ಟಿದ್ದಾರೆ. ಜೊತೆಗೆ ಫಿಸಿಯೋಥೆರಪಿ ಮಾಡಿಸ್ಬೇಕಂತೆ. ಶನಿವಾರ ಫಿಸಿಯೋ ಮೇಡಂ ಮನೆಗೇ ಬರ್ತಾರೆ."

"ನಾಯಿಗೆ ಫಿಸಿಯೋಥೆರಪಿ! ಹೆಸರಲ್ಲೇ ಫೀಸು ಇಟ್ಕೊಂಡಿದ್ದಾರೆ ನೋಡು! ಕೀಲು ಸವೆದರೆ ಏನ್ಮಾಡ್ಬೇಕು ಅಂತ ನನಗೆ ಬೇರೆಯವರು ಹೇಳಿಕೊಡ್ಬೇಕೇನೇ?"

"ಅದು ಲಿಫ್ಟ್ ಅಲ್ಲ ರೀ, ಜೀವ."

"ಯಂತ್ರ ಯಾವುದಾದರೇನು, ತತ್ತ್ವ ಒಂದೇ. ಶನಿವಾರ ನಿಮ್ಮ ಮೇಡಂ ಬರುವಷ್ಟರಲ್ಲಿ ದಿವಾನರೇ ಓಡಿಹೋಗಿ ಬಾಗಿಲು ತೆಗೀತಾರೆ, ನೋಡ್ತಿರು!"

ಅವಳು ನೋಡಿದಳು, ನನ್ನನ್ನು. ಲೆಕ್ಕ ತಪ್ಪಿದ ಹುಡುಗರನ್ನು ನೋಡುವ ನೋಟ ಅದು.

ಘರ್ಷಣೆಯೇ ಯಂತ್ರದ ಪರಮ ಶತ್ರು. ಆದ್ದರಿಂದ ದಿವಾನರು ಶ್ರಮವಿಲ್ಲದೆ ಸಾಗಲೆಂದು ಮೊದಲು ಹಾಲ್‌ನ ನೆಲಕ್ಕೆ ಪಾಲಿಶ್ ಹಾಕಿ ತಿಕ್ಕಿದೆ. ಬಗ್ಗಿದರೆ ನನ್ನ ಮುಖ ಕಾಣಬೇಕು, ಅಷ್ಟು ಹೊಳಪು! ಆಮೇಲೆ ಮಾಲೀಶು. ಕೀಲು ಎಂದ ಮೇಲೆ ಕೀಲೆಣ್ಣೆ ಬೇಡವೆ? ಆಫೀಸಿನ ಡಬ್ಬಿ ತರಲು ಹೆಂಡತಿ ಬಿಡಲಿಲ್ಲವಾಗಿ, ನನ್ನ ತಲೆಗೆ ಹಚ್ಚುವ ಎಣ್ಣೆಯನ್ನೇ ಧಾರಾಳವಾಗಿ ಸುರಿದೆ. ದಿವಾನರು ಗೊರಕೆ ಹೊಡೆದರು. ಎಣ್ಣೆ ದಿವಾನರಿಂದ ದಿವಾನಿಗೂ, ದಿವಾನಿನಿಂದ ನೆಲಕ್ಕೂ ಸದ್ದಿಲ್ಲದೆ ಇಳಿಯಿತು.

ಶನಿವಾರ ಬೆಳಿಗ್ಗೆ ಅಂತಿಮ ಘಟ್ಟ. ಕೋಲುಗಳನ್ನು ಅಡ್ಡಡ್ಡ ಇಟ್ಟು ನಾಯಿಯನ್ನು ದಾಟಿಸುವ ವಿಡಿಯೋ ಒಂದನ್ನು ಅರ್ಧ ನೋಡಿದ್ದೆ. ನನ್ನ ಬುದ್ಧಿಗೆ ಅರ್ಧವೇ ಹೆಚ್ಚು! ನೆಲ ಒರೆಸುವ ಕೋಲು, ಜೇಡರ ಬಲೆ ತೆಗೆಯುವ ಕೋಲುಗಳನ್ನು ಹೆಂಡತಿಯ ಗಣಿತದ ಪುಸ್ತಕಗಳ ಮೇಲೆ ಸಾಲಾಗಿ ಇಟ್ಟೆ. ದಿವಾನರನ್ನು ಕರೆದೆ. ಅವರು ಆಕಳಿಸಿದರು.

"ಓಹೋ, ಮಾಡಿ ತೋರಿಸಬೇಕೇನು? ನೋಡಿ ಸ್ವಾಮಿ!"

ನಾಲ್ಕು ಕಾಲಾದೆ. ಮೊದಲ ಕೋಲು ದಾಟಿದೆ. ಆಹಾ, ಏನು ಗತ್ತು! ಎರಡನೆಯದರ ಆಚೆ ಇಟ್ಟ ಅಂಗೈ ನೇರವಾಗಿ ನನ್ನ ತಲೆಯ ಎಣ್ಣೆಯ ಮೇಲೆ ಬಿತ್ತು. ಮುಂಗೈಗಳು ಅಡುಗೆಮನೆಯ ಕಡೆಗೂ ಹಿಂಗಾಲುಗಳು ಬಚ್ಚಲಿನ ಕಡೆಗೂ ಹೊರಟವು. ಮಧ್ಯದಲ್ಲಿ ಸೊಂಟ 'ಕಟಕ್' ಎಂದು ರಾಜೀನಾಮೆ ಕೊಟ್ಟಿತು. ಹೇಗೋ ಮತ್ತೆ ಮಂಡಿಯ ಮೇಲೆ ಬಂದೆ. ಅಲ್ಲಿಂದ ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಮಹಡಿಗಳ ಮಧ್ಯೆ ಸಿಕ್ಕಿಕೊಂಡ ಲಿಫ್ಟಿನ ಸಂಕಟ ಆಗ ಅರ್ಥವಾಯಿತು!

ದಿವಾನರು ಗಾಬರಿಯಿಂದ ಬೊಗಳಿದರು. ಅದೇ ಹೊತ್ತಿಗೆ ಹೆಂಡತಿ ಫಿಸಿಯೋ ಮೇಡಮ್ಮನವರನ್ನು ಒಳಗೆ ಕರೆತಂದಳು.

ಮೇಡಂ ನನ್ನನ್ನು ನೋಡಿದರು, ದಿವಾನಿನ ಮೇಲೆ ಆರಾಮವಾಗಿದ್ದವರನ್ನು ನೋಡಿದರು. "ಪೇಷಂಟ್ ಯಾರು?"

"ನಿಮ್ಮನ್ನ ಕರೆಸಿದಾಗ ಒಬ್ಬರೇ ಇದ್ರು ಮೇಡಂ," ಎಂದಳು ಹೆಂಡತಿ.

ಮೇಡಂ ತಮ್ಮ ಚೀಲದಿಂದ ಅಗಲವಾದ ಪಟ್ಟಿಯೊಂದನ್ನು ತೆಗೆದರು. ಹಿಂಗಾಲು ಸೋತ ನಾಯಿಗಳ ಹೊಟ್ಟೆಯ ಕೆಳಗೆ ತೂರಿಸಿ ಎತ್ತಿ ನಡೆಸುವ ಪಟ್ಟಿಯಂತೆ! ಅದನ್ನು ನನ್ನ ಹೊಟ್ಟೆಯ ಕೆಳಗೆ ತೂರಿಸಿ, ಆ ಕಡೆ ಅವರು ಈ ಕಡೆ ಹೆಂಡತಿ ಹಿಡಿದು, "ನಿಧಾನ, ನಿಧಾನ, ಜಾಣ," ಎನ್ನುತ್ತಾ ನನ್ನನ್ನು ದಿವಾನಿಗೆ ಸಾಗಿಸಿದರು. ದಿವಾನರು ಅಷ್ಟಿಷ್ಟು ಸರಿದು ಜಾಗ ಕೊಟ್ಟರು.

"ಈ ನೆಲಕ್ಕೆ ಏನು ಹಾಕಿದ್ದೀರಿ ಸರ್?"

"ಪಾಲಿಶ್. ನಾಯಿ ಸಲೀಸಾಗಿ ಹೋಗಲಿ ಅಂತ…"

"ಸಲೀಸಾಗಿ ಬೀಳತ್ತೆ! ಸೊಂಟ ಸೋತ ನಾಯಿಗೆ ಜಾರೋ ನೆಲ ಅಂದ್ರೇನೇ ಭಯ. ಭಯಕ್ಕೆ ಎದ್ದೇಳಲ್ಲ, ಎದ್ದೇಳದೆ ಇದ್ರೆ ಇರೋ ಮಾಂಸಖಂಡಾನೂ ಕರಗತ್ತೆ. ಮೊದಲು ಕಾಲಿಗೆ ಹಿಡಿತ ಸಿಗೋ ಚಾಪೆ ಹಾಸಿ. ಬೆಚ್ಚಗಿನ ಶಾಖ, ಹಗುರವಾಗಿ ನೀವೋದು, ಕೂರಿಸಿ ಏಳಿಸೋದು. ಚೂರು ಬಲ ಬಂದ್ಮೇಲೆ ಕೋಲು ದಾಟಿಸೋಣ, ಕ್ಲಿನಿಕ್‌ನ ನೀರಿನ ತೊಟ್ಟಿಲಿ ನಡೆಸೋಣ. ನೀರೇ ಅದರ ಭಾರ ಹೊರತ್ತೆ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ."

"ಮತ್ತೆ ಮೊದಲಿನ ಹಾಗೆ ನಡೀತಾನಾ ಮೇಡಂ?" ಹೆಂಡತಿಯ ದನಿ ಸಣ್ಣಗಾಗಿತ್ತು.

"ಚಿಕ್ಕ ಮರಿ ಆಗಲ್ಲಮ್ಮ. ಆದ್ರೆ ನೋವು ಕಡಿಮೆ ಆಗಿ, ತನ್ನಷ್ಟಕ್ಕೆ ತಾನು ಓಡಾಡ್ಬಹುದು. ಪ್ರಯತ್ನ ಪಡೋಣ."

ಪಾಲಿಶ್‌ನ ಮೇಲೆ ಚಾಪೆ ಬಿತ್ತು. ಅಲ್ಲಿಂದ ಮನೆಯಲ್ಲಿ ಇಬ್ಬರು ರೋಗಿಗಳು. ಶಾಖದ ಚೀಲ ಮೊದಲು ಅವರಿಗೆ, ಆರಿದ ಮೇಲೆ ನನಗೆ. ಮೇಡಂ ಹೇಳಿದ ವ್ಯಾಯಾಮವನ್ನೆಲ್ಲ ದಿವಾನರು ಶ್ರದ್ಧೆಯಿಂದ ಮಾಡಿದರು. ನನ್ನ ಡಾಕ್ಟರು ಹೇಳಿದ್ದನ್ನು ನಾನೂ ಅಷ್ಟೇ ಶ್ರದ್ಧೆಯಿಂದ 'ನಾಳೆಯಿಂದ' ಮಾಡುತ್ತಾ ಬಂದೆ. ವಾರಗಳು ಉರುಳಿದವು. ಒಂದು ಸಂಜೆ ಗೇಟು ಸದ್ದಾಯಿತು. ದಿವಾನರು ಇಳಿದರು, ಚಾಪೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟರು, ತುಸು ವಾಲಿದರು, ಸಾವರಿಸಿಕೊಂಡು ಹೊರಗೆ ಹೋದರು. ಬ್ಯಾಗು ಅವರ ಬಾಯಲ್ಲೇ ಒಳಗೆ ಬಂತು. ಹಿಂದೆ ಬಂದ ಹೆಂಡತಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ನನಗೂ ಕಣ್ಣು ತುಂಬಿತು. ಸೊಂಟನೋವಿಗೆ ಎಂದು ಸುಳ್ಳು ಹೇಳಿದೆ.

ಮೊನ್ನೆ ಕ್ಲಿನಿಕ್‌ನ ಕೊನೆಯ ಭೇಟಿ. ನಾನು ಸೊಂಟಕ್ಕೆ ಬೆಲ್ಟು ಬಿಗಿದು ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದ್ದೆ. ಪಕ್ಕದಲ್ಲಿ ಕುಂಟುವ ನಾಯಿಯೊಂದನ್ನು ತಂದಿದ್ದ ಹೆಂಗಸು ನನ್ನ ಹೆಂಡತಿಯನ್ನು ಮಾತಿಗೆಳೆದರು.

"ಈಗ ಹೇಗಿದ್ದಾರೆ?"

"ಏನು ಹೇಳ್ಲಿ! ಹೇಳಿದ್ದೊಂದೂ ಕೇಳಲ್ಲ. ಮೈ ಬಗ್ಗಿಸಲ್ಲ, ತಟ್ಟೆ ಮುಂದೆ ಮಾತ್ರ ಮೊದಲು ಹಾಜರ್. ಬೈದರೆ ಮುಖ ಊದಿಸ್ಕೊಂಡು ಮೂಲೆ ಸೇರ್ತಾರೆ."

ನನಗೆ ತಡೆಯಲಾಗಲಿಲ್ಲ. ಅಷ್ಟು ಕಷ್ಟಪಟ್ಟು ಎದ್ದು ನಿಂತ ಜೀವದ ಮೇಲೆ ಇಂಥ ಅಪವಾದವೆ? ಕಣ್ಣು ಮುಚ್ಚಿಕೊಂಡೇ ಗದರಿದೆ: "ಏನೇ ಇದು! ಪಾಪ, ದಿವಾನರ ಎದುರಿಗೇ ಹಾಗೆಲ್ಲ ಅಂತೀಯಲ್ಲ, ಅವರಿಗೆ ಬೇಜಾರಾಗಲ್ವೇನೇ?"

"ದಿವಾನರು ಆಗ್ಲೇ ನಡ್ಕೊಂಡು ಒಳಗೆ ಹೋದ್ರು ರೀ," ಎಂದಳು ಹೆಂಡತಿ. "ಅವರು ಕೇಳಿದ್ದು ನಿಮ್ಮ ವಿಷಯ."