ನಡಿಗೆ ಪಂದ್ಯಕ್ಕೆ ನುಗ್ಗಿದ ಕಾರು

"ಅಕ್ಕಾ, ಎಲ್ಲಾ ಬಿಟ್ಟು ಮೊದಲ ಇಲ್ಲಿ ಬಾ! ಹನ್ನೊಂದು ವರ್ಷದ ತಪಸ್ಸು ಇವತ್ತ ಮುಗೀತು!"

ಇಂದುಮತಿ ಟೀಚರ್ ತಲೆ ಎತ್ತಲಿಲ್ಲ. ಗಿರಣಿ ಚಾಳದ ಸಾಲುಮನೆಗಳ ನಡುವಿನ ಮಣ್ಣಿನ ಮೈದಾನದಲ್ಲಿ ಬೆಳಗಿನಿಂದ ಬಗ್ಗಿ ಬಗ್ಗಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿದವರು. ನಿವೃತ್ತಿಯಾದ ಮೇಲೆ ಚಾಳದ ಅರವತ್ತು ದಾಟಿದ ಹೆಂಗಸರನ್ನು ಅಡುಗೆಮನೆಯಿಂದ ಎಳೆದು ತಂದು ಬಿರುಸಾಗಿ ನಡೆಯುವುದನ್ನು ಕಲಿಸಿದ್ದರು. ಹತ್ತು ಗಂಟೆಗೆ ಅವರ ನಡಿಗೆ ಪಂದ್ಯ. "ಈ ವಯಸ್ಸಿನಾಗ ಇವರಿಗಿದು ಯಾಕ ಬೇಕು?" ಎಂದು ಆರು ತಿಂಗಳು ನಕ್ಕ ಗಂಡಸರೆಲ್ಲ ಇನ್ನೊಮ್ಮೆ ನಗಲು ಆಗಲೇ ಕಟ್ಟೆಯ ಮೇಲೆ ಕೂತಿದ್ದರು.

ಕರೆದವನು ತಮ್ಮ ವಿರೂಪಾಕ್ಷಪ್ಪ, ವಾಚು-ರೇಡಿಯೋ ರಿಪೇರಿಯವ. ಅವನ ಕೈಯಲ್ಲಿ ಮೊಳದುದ್ದದ ಕಾರು. ಮೊಟ್ಟೆಯಾಕಾರದ ಮಣ್ಣಿನ ಹಾದಿಯಲ್ಲಿ ಸದಾ ಎಡಕ್ಕೇ ತಿರುಗುತ್ತ ಓಡುವ, ನಲವತ್ತು ವರ್ಷ ಹಿಂದಿನ ನಮೂನೆಯ ರಿಮೋಟ್ ಕಾರು! ತಳ ಮುಂಬೈ ಗುಜರಿಯದು, ಗಾಲಿ ಕೊಲ್ಲಾಪುರದ ಒಬ್ಬ ಹವ್ಯಾಸಿಯದು, ಮೇಲಿನ ಕವಚ ಎಣ್ಣೆ ಡಬ್ಬಿಯ ತಗಡು.

"ಎಡಗಡೆ ಗಾಲಿ ಸಣ್ಣವು ಅದಾವಲ್ಲೋ. ಕುಂಟತೈತಿ."

"ಕುಂಟೂದಲ್ಲಕ್ಕಾ, ಅದು ವಿದ್ಯಾ! ಎಡಕ್ಕ ತಿರುಗಾಕ ಹಂಗ ಹಾಕತಾರ!"

"ಮೋಟಾರ್ ಎಲ್ಲೀದು?"

ವಿರೂಪಾಕ್ಷಪ್ಪ ಆಕಾಶ ನೋಡಿದ. "ಮಿಕ್ಸರ್‌ನಾಗ ಸುಮ್ಮನ ಕುಂತಿತ್ತು."

"ನನ್ನ ಮಿಕ್ಸರ್!"

"ಇನ್ನ ಮೆದುಳು... ನಿನ್ನ ಸ್ಟಾಪ್‌ವಾಚಿಂದು."

ಇಂದುಮತಿ ಟೀಚರಿಗೆ ಮೈಯೆಲ್ಲ ಉರಿಯಿತು. "ಯಾರನ್ನ ಕೇಳಿ ಬಿಚ್ಚಿದೆಲೇ? ಕಳ್ಳಾ!"

"ಸಿಟ್ಟಾಗಬ್ಯಾಡ! ಮೂವತ್ತೊಂದು ವರ್ಷ ಯಾರು ಮೊದಲ ಬಂದರು ಅಂತ ನೋಡಿ ನೋಡಿ ಅದಕ್ಕ ಬುದ್ಧಿ ಬಂದೈತಿ. ನಾನು ಒಂದ ಸುರುಳಿ ಸುತ್ತಿ ಛಲ ತುಂಬೇನಿ, ಅಷ್ಟ. ಇದು ಯಾರನ್ನೂ ಮುಂದ ಹೋಗಾಕ ಬಿಡೂದಿಲ್ಲ!"

ಕಾರು ಒಂದು ಸುತ್ತು ಮರ್ಯಾದೆಯಿಂದ ಓಡಿತು. ಕಟ್ಟೆಯವರು ಚಪ್ಪಾಳೆ ತಟ್ಟಿದರು. ಆರು ತಿಂಗಳಲ್ಲಿ ತಮ್ಮ ಹೆಂಗಸರಿಗೆ ಒಂದೂ ಚಪ್ಪಾಳೆ ಬಿದ್ದಿರಲಿಲ್ಲ! ಟೀಚರ್ ಹಲ್ಲು ಕಚ್ಚಿದರು. ಸೆರಗು ಬಿಗಿದು ಸಾಲಾಗಿ ನಿಂತ ಒಂಬತ್ತು ಹೆಂಗಸರ ಕಡೆ ತಿರುಗಿ, "ಹತ್ತು ಸುತ್ತು. ಓಡಿದವರು ಪಂದ್ಯದಿಂದ ಹೊರಗ. ಅವನ ಆಟಿಗಿ ನೋಡಬ್ಯಾಡ್ರಿ!" ಎಂದು ಸೀಟಿ ಊದಿದರು.

ಸೀಟಿ ಕೇಳಿದ್ದೇ ತಡ, ಸ್ಟಾಪ್‌ವಾಚಿನ ಮೆದುಳು ದಿಗ್ಗನೆ ಎಚ್ಚೆತ್ತಿತು! ಕಾರು ರಿಮೋಟಿನ ಮಾತು ಬಿಟ್ಟು ಹೆಂಗಸರ ಸಾಲಿಗೆ ನುಗ್ಗಿತು. ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಹಿಂದೆ ಬಿದ್ದವರ ಮುಖಕ್ಕೆ ಬುಟ್ಟಿಗಟ್ಟಲೆ ಮಣ್ಣು ಎರಚಿತು.

"ಎಲಾ ಇದರ! ಮೊಳದಷ್ಟಿಲ್ಲ, ನನ್ನ ಹಿಂದ ಹಾಕತೈತಿ?" ಭಾಗವ್ವ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ಅವಳ ಹಿಂದೆ ಇನ್ನೂ ಏಳು ಜನ. ಟೀಚರ್ ಏನು ಮಾಡಿಯಾರು? ನಿಯಮ ನಿಯಮವೇ. ತಾವೇ ತಿದ್ದಿದ ಎಂಟು ಜನರನ್ನು ತಾವೇ ಒಬ್ಬೊಬ್ಬರಾಗಿ ಹೊರಗೆ ಕಳಿಸಿದರು. ಕಟ್ಟೆಯ ಮೇಲಿನ ನಗು ಗಿರಣಿಯ ಚಿಮಣಿ ಮುಟ್ಟಿತು.

"ಬಂದ್ ಮಾಡೋ ಅದನ್ನ!"

"ಬಂದ್ ಮಾಡೂ ಗುಂಡಿ ಹಾಕಿಲ್ಲಕ್ಕಾ! ಆ ಕಾಲದ ಅಸಲೀ ಗುಂಡಿ ಇನ್ನೂ ಹುಡುಕಾಕತ್ತೇನಿ!"

ಟೀಚರ್ ಸುಣ್ಣದ ಬುಟ್ಟಿಯನ್ನು ತಮ್ಮನ ತಲೆಯ ಮೇಲೆ ಕವುಚಿದರು.

ಓಡದೆ ಉಳಿದವಳು ತುಂಗವ್ವ ಒಬ್ಬಳೇ. ಎಪ್ಪತ್ನಾಲ್ಕು ವರ್ಷ. "ಅದಕ್ಕ ಅವಸರ ಇರಬೇಕು, ಹೋಗ್ಲಿ ಬಿಡ್ರಿ," ಎಂದು ಕೈ ಬೀಸಿ ನಡೆಯುತ್ತಲೇ ಇದ್ದಳು. ಕಾರು ಅವಳನ್ನು ದಾಟಿತು. ಒಂದು ಸುತ್ತು ಬರುವಷ್ಟರಲ್ಲಿ ನೋಡಿದರೆ ತುಂಗವ್ವ ಮತ್ತೆ ಮುಂದೆ! ಮತ್ತೆ ದಾಟಿತು. ಮತ್ತೆ ಮುಂದೆ! ಸುತ್ತು ಹಾದಿಯಲ್ಲಿ ಹಿಂದೆ ಹಾಕಿದವರೇ ಮುಂದೆ ಸಿಗುತ್ತಾರೆಂಬ ಸತ್ಯ ಸ್ಟಾಪ್‌ವಾಚಿಗೆ ಹೊಳೆಯಲಿಲ್ಲ. ಅದರ ಕಿರುಚಾಟ ಏರಿತು. ತುಂಗವ್ವನ ಹೆಜ್ಜೆ ತಪ್ಪಲಿಲ್ಲ. ಕಟ್ಟೆಯ ಮೇಲೆ ನಗು ಮೆಲ್ಲಗೆ ನಿಂತಿತು. ಒಂಬತ್ತನೆಯ ಸುತ್ತಿಗೆ ಯಾರೋ, "ಬಿಡಬ್ಯಾಡ ತುಂಗಕ್ಕಾ!" ಎಂದು ಕೂಗಿದರು. ಹತ್ತನೆಯದು ಮುಗಿಸಿ ಅವಳು ಗೆರೆ ದಾಟಿದಾಗ ಗಂಡಸರೆಲ್ಲ ಎದ್ದು ನಿಂತಿದ್ದರು. ಟೀಚರ್ ಅವಳ ಕೈ ಹಿಡಿದು ಮೇಲೆತ್ತಿದರು.

ಇನ್ನಾದರೂ ಕಾರು ನಿಲ್ಲಬೇಕಿತ್ತು. ಹಾದಿಯಲ್ಲಿ ಒಂದು ಪಿಳ್ಳೆಯೂ ಇಲ್ಲ! ಆದರೆ ಆ ವೇಗದಲ್ಲಿ ಅದಕ್ಕೆ ಮುಂದೆ ಏನೋ ಕಂಡಿತು: ಅದರದೇ ಬೆನ್ನು. ಅದನ್ನೂ ಹಿಂದೆ ಹಾಕಲು ಹೊರಟಿತು! ಸುತ್ತಿ ಸುತ್ತಿ ಗಾಲಿ ತೋಡಿದ್ದಕ್ಕೆ ನೆಲ ಗೇಣುದ್ದ ಕುಸಿಯಿತು, ಮೊಣಕಾಲುದ್ದ ಕುಸಿಯಿತು, ಸೊಂಟದುದ್ದ ಕುಸಿಯಿತು. ಹಾರಿದ ಮಣ್ಣಿಗೆ ಎಂಟು ಹೆಂಗಸರು ಮತ್ತು ಕಟ್ಟೆಯ ಗಂಡಸರು ಒಂದೇ ಬಣ್ಣದವರಾದರು. ಕೊನೆಗೆ ಆಳುದ್ದ ಮೀರಿದ ಹಳ್ಳದೊಳಗಿಂದ ಢಬ್ ಎಂದಿತು. ವಿರೂಪಾಕ್ಷಪ್ಪ ಏಣಿ ಹಾಕಿ ಇಳಿದು, ತನ್ನ ಹನ್ನೊಂದು ವರ್ಷವನ್ನು ಚೂರುಚೂರಾಗಿ ಬುಟ್ಟಿಗೆ ತುಂಬಿಕೊಂಡ.

"ಅಕ್ಕಾ, ಸೋಲಲಿಲ್ಲ ನೋಡು!" ಎಂದು ಕೆಳಗಿನಿಂದ ಕೂಗಿದ.

ಟೀಚರ್ ಏಣಿ ಮೇಲೆಳೆದುಕೊಂಡರು.

ಮೂರನೆಯ ದಿನ ದೂರಿನ ಮೇಲೆ ನೀರಾವರಿ ಇಲಾಖೆಯ ಎಂಜಿನಿಯರ್ ಸಾಹೇಬರು ಬಂದರು. ಮಟ್ಟಸವಾಗಿ, ನುಣ್ಣಗೆ ತೋಡಿದ ಆ ಕಾಲುವೆಯನ್ನು ಟೇಪು ಹಿಡಿದು ಬಹಳ ಹೊತ್ತು ಅಳೆದರು.

"ಇದು ಎಲ್ಲಿಂದ ಎಲ್ಲಿಗೆ ಹೋಗತೈತ್ರಿ?"

"ಎಲ್ಲಿಗೂ ಇಲ್ರಿ," ಎಂದರು ಟೀಚರ್. "ಹೊರಟಲ್ಲಿಗೇ ಬರತೈತಿ."

ಸಾಹೇಬರು ನಿಟ್ಟುಸಿರು ಬಿಟ್ಟು ಟೇಪು ಸುತ್ತಿಕೊಂಡರು. "ಹಂಗಾರ ನಮ್ಮ ಇಲಾಖೆಯವರ ತೋಡಿರಬೇಕು ಬಿಡ್ರಿ."